ಗೋಧಿ ಬಾಡು

ಶೂ ಕಾಲಿಗೆ ಹೋಗಲಿಲ್ಲ. ಹಿಂದಿನ ದಿನ ಹೋಗಿದ್ದ ಅದೇ ಶೂ. ನಮ್ಮ ಯಜಮಾನರು ಬಂಡೀಪುರದಲ್ಲಿ ಫಾರೆಸ್ಟ್ ಗಾರ್ಡ್. ಬೆಳಗಾದರೆ ಗುಂಡ್ಲುಪೇಟೆಯ ಮನೆಯಿಂದ ಹೊರಟು ಬಸ್ಸು ಹಿಡಿಯಬೇಕು. ಅವತ್ತು ಬಾಗಿಲಲ್ಲಿ ಕೂತು ತಿಣುಕುತ್ತಿದ್ದರು. ನಾನು ಸರ್ಕಾರಿ ಶಾಲೆಯ ಟೀಚರ್, ನನಗೂ ಹೊತ್ತಾಗಿತ್ತು. ಚಪ್ಪಲಿ ಹಾಕಿಕೊಂಡು ಹೋಗಿ ಎಂದು ಗದರಿ ಹೊರಟುಬಿಟ್ಟೆ. ಸಂಜೆ ನೋಡಿದರೆ, ಪಾದದ ಮೇಲೆ ಬೆರಳೊತ್ತಿದ ಕಡೆ ಗುಳಿ ಬಿದ್ದು ಹಾಗೇ ಉಳಿಯುತ್ತಿತ್ತು.

ಚಾಮರಾಜನಗರದ ಒಂದು ಕ್ಲಿನಿಕ್ಕಿಗೆ ಪ್ರತಿ ಗುರುವಾರ ಮೈಸೂರಿನಿಂದ ಕಿಡ್ನಿ ಡಾಕ್ಟರು ಬರುತ್ತಿದ್ದರು. ಬಿಪಿ ನೋಡಿದರು, ರಕ್ತ ತೆಗೆಸಿದರು. ಎಷ್ಟೋ ವರ್ಷದಿಂದ ಬಿಪಿ ಇದ್ದಿರಬೇಕು, ಗೊತ್ತೇ ಆಗಿಲ್ಲ ಅಂದರು.

ಎರಡು ಕಿಡ್ನಿಯೂ ಅರ್ಧಕ್ಕಿಂತ ಜಾಸ್ತಿ ಹೋಗಿದ್ದವು.

ಮೂವತ್ತೊಂಬತ್ತು ವಯಸ್ಸು. ಬೀಡಿ ಇಲ್ಲ, ಕುಡಿತ ಇಲ್ಲ. ಇದ್ದ ಚಟ ಒಂದೇ, ಭಾನುವಾರದ ಬಾಡೂಟ.

ಡಾಕ್ಟರು ಚೀಟಿಯಲ್ಲಿ ಬರೆದುಕೊಟ್ಟರು. ಮಾಂಸ, ಮೀನು, ಮೊಟ್ಟೆ ಬೇಡ. ಬೇಳೆ, ಕಾಳು ಬೇಡ. ಹಾಲು, ಮೊಸರು ಬೇಡ. ಉಪ್ಪು ಚಿಟಿಕೆಯಷ್ಟು. ಏಕೆ ಬೇಡ ಎಂದು ಅವರು ಹೇಳಲಿಲ್ಲ. ಹೊರಗೆ ಇನ್ನೂ ಮೂವತ್ತು ಜನ ಕಾಯುತ್ತಿದ್ದರು. ನಾನೂ ಕೇಳಲಿಲ್ಲ. ಎಂಥ ಟೀಚರ್ ನಾನು! ಪ್ರತಿ ವರ್ಷ ಬೋರ್ಡಿನ ಮೇಲೆ ಮಾಂಸ, ಮೊಟ್ಟೆ, ಬೇಳೆ, ಹಾಲು ಎಂದು ಬರೆದು, ಇವುಗಳಲ್ಲಿ ಏನಿದೆ ಮಕ್ಕಳೇ ಎಂದು ಕೇಳಿ, ಪ್ರೋಟೀನ್ ಎಂದು ಕೂಗಿಸುವವಳು. ಅದೇ ಪಟ್ಟಿ ಕೈಯಲ್ಲಿದ್ದರೂ ನನ್ನ ತಲೆಗೆ ಹೋಗಲಿಲ್ಲ.

ಬೇಳೆ ಇಲ್ಲದೆ ಸಾರು ಮಾಡುವುದು ಹೇಗೆ? ಸೋರೆಕಾಯಿ, ಹೀರೇಕಾಯಿ, ಮತ್ತೆ ಸೋರೆಕಾಯಿ. ಮುದ್ದೆಯನ್ನು ಎರಡು ತುತ್ತು ಮುರಿದು ತಟ್ಟೆ ಸರಿಸುತ್ತಿದ್ದರು. ನನ್ನ ಮೇಲೆ ಸಿಟ್ಟಿಲ್ಲ, ಜಗಳವಿಲ್ಲ, ಸುಮ್ಮನೆ ಎದ್ದು ಹೋಗುತ್ತಿದ್ದರು. ಕಾಡಿನಲ್ಲಿ ಆನೆ ಅಟ್ಟಿಸಿಕೊಂಡು ಬಂದದ್ದನ್ನು ನಗುತ್ತಾ ಹೇಳುತ್ತಿದ್ದ ಮನುಷ್ಯ ಊಟದ ಹೊತ್ತಿಗೆ ಮುಖ ಸಣ್ಣ ಮಾಡಿಕೊಂಡು ಬರುವುದನ್ನು ನೋಡಲಾಗುತ್ತಿರಲಿಲ್ಲ. ಮನೆಯಲ್ಲಿ ಇರುವುದು ನಾವಿಬ್ಬರೇ. ಅವರು ಮಾತು ಬಿಟ್ಟರೆ ಮನೆಯೇ ಬಾಯಿ ಮುಚ್ಚಿದ ಹಾಗೆ.

ನಮ್ಮ ಪಕ್ಕದ ಮನೆ ಲೀಲಾ ಚೇಚಿಯದು. ಕೇರಳದಿಂದ ಬಂದು ಬೇಕರಿ ಇಟ್ಟವರು, ಚೇಚಿ ಅಂದರೆ ಅವರಲ್ಲಿ ಅಕ್ಕ. ಹಿತ್ತಲಲ್ಲಿ ಹಲ್ವ ಮಾಡುತ್ತಾರೆ. ಮೈದಾ ಹಿಟ್ಟನ್ನು ಗಟ್ಟಿಯಾಗಿ ಕಲಸಿ, ನೀರಿನಲ್ಲಿ ಹಿಂಡಿ ಹಿಂಡಿ ತೊಳೆಯುತ್ತಾರೆ. ಬೆಳ್ಳಗೆ ಇಳಿದ ಹಾಲು ಹಲ್ವಕ್ಕೆ. ಕೊನೆಗೆ ಕೈಯಲ್ಲಿ ರಬ್ಬರಿನಂಥ ಅಂಟು ಮುದ್ದೆ ಉಳಿಯುತ್ತದೆ, ಅದನ್ನು ಕೋಳಿಗೆ ಎಸೆಯುತ್ತಾರೆ. ಒಂದು ದಿನ ಅದನ್ನು ಎಳೆದು ನೋಡಿದೆ. ಎಳೆ ಎಳೆಯಾಗಿ ಬಂತು, ಥೇಟ್ ಬಾಡಿನ ಹಾಗೆ. ಕೋಳಿಗೆ ಯಾಕೆ ಚೇಚಿ, ನನಗೆ ಕೊಡಿ ಅಂದೆ.

ಮಸಾಲೆ ನೀರಿನಲ್ಲಿ ಬೇಯಿಸಿದೆ. ಚಾಕು ಹಾಕದೆ ಕೈಯಲ್ಲೇ ಹರಿದೆ. ಈರುಳ್ಳಿ ಕೆಂಪಗೆ ಹುರಿದು, ಶುಂಠಿ, ಬೆಳ್ಳುಳ್ಳಿ, ಚಕ್ಕೆ, ಲವಂಗ, ಕೊತ್ತಂಬರಿ ರುಬ್ಬಿ ಕುದಿಸಿದೆ. ಉಪ್ಪು ಕಡಿಮೆ ಇದ್ದದ್ದು ಮಸಾಲೆಯಲ್ಲಿ ಮುಚ್ಚಿಹೋಯಿತು. ಅವರು ಒಂದು ತುಂಡು ಬಾಯಿಗಿಟ್ಟು ಗಾಬರಿಯಾಗಿ ನನ್ನ ಮುಖ ನೋಡಿದರು. ಬರೀ ಗೋಧಿ ಕಣ್ರೀ, ಹಾಲಿಲ್ಲ, ತುಪ್ಪ ಇಲ್ಲ, ಪ್ರಾಣಿ ಪಕ್ಷಿ ಏನೂ ಇಲ್ಲ ಅಂದೆ. ಮುದ್ದೆ ಪೂರ್ತಿ ಖಾಲಿಯಾಯಿತು. ಎಷ್ಟೋ ತಿಂಗಳ ಮೇಲೆ ಅವರು ಬೆರಳು ಚೀಪಿದರು. ನನಗೆ ಅಳು ಬಂತು.

ಗೋಧಿ ಬಾಡು ಎಂದು ಹೆಸರಿಟ್ಟೆವು. ಮೊದಲು ಭಾನುವಾರ ಮಾತ್ರ. ಆಮೇಲೆ ನಾನೇ ಹಿಟ್ಟು ತೊಳೆಯುವುದು ಕಲಿತು ವಾರಕ್ಕೆ ನಾಲ್ಕು ರಾತ್ರಿ ಅದೇ ಊಟ. ಒಂದು ಗುರುವಾರ ಶಾಲೆಯಲ್ಲಿ ಇನ್‌ಸ್ಪೆಕ್ಷನ್ ಇತ್ತು, ಅವರೊಬ್ಬರೇ ಚಾಮರಾಜನಗರಕ್ಕೆ ಹೋಗಿ ಬಂದರು. ಡಾಕ್ಟರು ಏನಂದರು ಎಂದು ಕೇಳಿದೆ.

"ಎಲ್ಲಾ ಅಂಗೇ ಅದಂತೆ. ಊಟ ಇಂಗೇ ನಡೀಲಿ ಅಂದ್ರು," ಎಂದರು.

ಎರಡು ತಿಂಗಳಲ್ಲಿ ವಾಂತಿ ಶುರುವಾಯಿತು. ಮೈಯೆಲ್ಲ ಕೆರೆತ. ಬಿಕ್ಕಳಿಕೆ ಬಂದರೆ ಗಂಟೆಗಟ್ಟಲೆ ನಿಲ್ಲುತ್ತಿರಲಿಲ್ಲ. ಒಂದು ಬೆಳಿಗ್ಗೆ ಉಸಿರು ಎಳೆಯಲಾರದೆ ಕೂತುಬಿಟ್ಟರು. ಮೈಸೂರಿಗೆ ಒಯ್ದು ಅದೇ ಡಾಕ್ಟರಿದ್ದ ಆಸ್ಪತ್ರೆಗೆ ಸೇರಿಸಿದೆವು. ಕುದೇರಿನಿಂದ ನಮ್ಮತ್ತೆ ಬಂದರು. ಮಗನ ಮುಖ ನೋಡಿದವರೇ ನನ್ನ ಕಡೆ ತಿರುಗಿದರು.

"ಇಟ್ಟು ತೊಳ್ದು ಅದೇನೇನೋ ಬೇಸಾಕಿ ನನ್ ಮಗನ್ನ ಮಲಗುಸ್ಬುಟ್ಟಲ್ಲವ್ವ."

ವಾರ್ಡಿನವರೆಲ್ಲ ಕೇಳಿಸಿಕೊಂಡರು. ನಮ್ಮ ಯಜಮಾನರು ಗೋಡೆ ಕಡೆ ತಿರುಗಿ ಮಲಗಿದರು.

ರೌಂಡ್ಸಿಗೆ ಬಂದ ಡಾಕ್ಟರು ಊಟದ ಬಗ್ಗೆ ಕೇಳಿದರು. ನಾನು ಜಂಬದಿಂದಲೇ ಹೇಳಿದೆ. ಚೀಟಿಯಲ್ಲಿದ್ದ ಒಂದನ್ನೂ ಮುಟ್ಟಿಲ್ಲ ಸರ್, ಬರೀ ಗೋಧಿ. ಅವರು ಪೆನ್ನು ಕೆಳಗಿಟ್ಟರು. ಹಿಟ್ಟು ತೊಳೆದ ಮೇಲೆ ಉಳಿಯುವುದು ಹೆಚ್ಚುಕಮ್ಮಿ ಬರೀ ಪ್ರೋಟೀನ್, ಹೊರದೇಶಗಳಲ್ಲಿ ಮಾಂಸ ಹಾಲು ಬಿಟ್ಟವರು ಅದಕ್ಕೆಂದೇ ಇದನ್ನು ತಿನ್ನುತ್ತಾರೆ, ಕೆಟ್ಟ ಕಿಡ್ನಿಗೆ ಇದು ಮಾಂಸದಷ್ಟೇ ಭಾರ ಎಂದರು. ಇವರು ತಿನ್ನಬಹುದಾಗಿದ್ದದ್ದು ಬಿಳಿ ನೀರಿನಲ್ಲಿ ಹೋಗುವ ಪಿಷ್ಟ. ಅಂದರೆ ಒಳ್ಳೆಯದನ್ನು ಚೆಲ್ಲಿ, ಕೆಟ್ಟದ್ದನ್ನು ಮಸಾಲೆ ಹಾಕಿ ಬಡಿಸಿದ್ದೆ.

"ನಿಮ್ಮ ಯಜಮಾನರಿಗೆ ಇದನ್ನೆಲ್ಲ ಹೇಳಿದ್ನಲ್ಲಮ್ಮ, ಹೋದ ಸಲ ಬಂದು ಈ ಊಟದ ವಿಷಯ ಹೇಳಿದಾಗ. ಬಿಡಿಸಿ ಹೇಳಿದ್ದೆ."

ಗೊತ್ತಿತ್ತು.

ಎರಡು ತಿಂಗಳಿಂದ ಗೊತ್ತಿತ್ತು. ಗೊತ್ತಿದ್ದೂ ಒಲೆ ಹತ್ತಿರ ಬಂದು ಘಮ ನೋಡುತ್ತಿದ್ದರು. ಗೊತ್ತಿದ್ದೂ ಇನ್ನೆರಡು ತುಂಡು ಹಾಕು ಎಂದು ತಟ್ಟೆ ಚಾಚುತ್ತಿದ್ದರು. ಡಾಕ್ಟರು ಹೋದ ಮೇಲೆ ನಾನು ಹಾಸಿಗೆಯ ಆ ಕಡೆಗೆ, ಗೋಡೆಗೂ ಮಂಚಕ್ಕೂ ನಡುವೆ ಹೋಗಿ ನಿಂತೆ. ಅವರಿಗೆ ಮುಖ ಮರೆಸಲು ಗೋಡೆ ಉಳಿಯಲಿಲ್ಲ.

"ಬಾಯಿ ಸತ್ತೋಗಿತ್ತು ಕಣಮ್ಮಿ," ಅಂದರು. "ಊಟ ಅಂತ ಇದ್ದುದ್ದು ಅದೊಂದೇಯ. ಏಳುದ್ರೆ ನೀ ಬುಟ್ಬುಡ್ತಿದ್ದೆ."

"ಅದ್ಕೆ ನನ್ ಕೈಲೇ ಕೊಡ್ಸುದ್ರಾ?"

ನನಗೆ ಬಂದ ಸಿಟ್ಟು ಸಣ್ಣದಲ್ಲ. ಅವರು ತಮ್ಮ ಆಸೆಗೆ ತಿಂದರು, ಸರಿ. ಆದರೆ ವಾರಕ್ಕೆ ನಾಲ್ಕು ಸಂಜೆ ಶಾಲೆಯಿಂದ ಬಂದು ಸೆರಗು ಸಿಕ್ಕಿಸಿಕೊಂಡು ಆರಾರು ನೀರಿನಲ್ಲಿ ಹಿಟ್ಟು ತೊಳೆದವಳು ನಾನು. ಅವರ ಗುಟ್ಟಿಗೆ ನನ್ನ ಕೈ ಸವೆಸಿದರಲ್ಲ! ಒಂದು ದಿನ ಪೂರ್ತಿ ನಾನು ಅವರ ಜೊತೆ ಮಾತಾಡಲಿಲ್ಲ. ನೀರು ಕುಡಿಸಿದೆ, ಬೆಡ್‌ಪ್ಯಾನ್ ಇಟ್ಟೆ, ಮಾತಾಡಲಿಲ್ಲ.

ಕಿಡ್ನಿ ಹೇಗೂ ಹೋಗುತ್ತಿತ್ತು ಎಂದು ಡಾಕ್ಟರು ಆಮೇಲೆ ಸಮಾಧಾನ ಹೇಳಿದರು. ಊಟದಿಂದ ಒಂದಿಷ್ಟು ತಿಂಗಳು ಮುಂಚೆ ಹೋಗಿರಬಹುದು. ಎಷ್ಟು ತಿಂಗಳು ಎಂದು ಕೇಳಿದೆ. ಅದನ್ನು ಯಾರಿಂದಲೂ ಹೇಳಲಾಗುವುದಿಲ್ಲ ಅಂದರು. ಆ ತಿಂಗಳುಗಳ ಮಾತನ್ನು ನಾವಿಬ್ಬರೂ ಇವತ್ತಿಗೂ ಎತ್ತುವುದಿಲ್ಲ.

ಮೊದಲನೇ ಡಯಾಲಿಸಿಸ್ ಆದ ಮರುದಿನ ಅತ್ತೆ ಮತ್ತೆ ಹಿಟ್ಟಿನ ರಾಗ ತೆಗೆದರು. ಯಜಮಾನರು ಮೊಣಕೈ ಊರಿ ಎದ್ದು ಕೂತರು.

"ಅವಳ್ದೇನೂ ತಪ್ಪಿಲ್ಲ ಕಣವ್ವ. ಡಾಕ್ಟ್ರು ನಂಗೆ ಏಳಿದ್ರು. ನಾನೇ ಮುಚ್ಚಿಟ್ಕಂಡು ತಿಂದೆ."

ತಡವಾಗಿ ಬಂದ ಮಾತು. ಬಂತಲ್ಲ.

ಈಗ ಮಂಗಳವಾರ, ಶುಕ್ರವಾರ ಮೈಸೂರು. ಬೆಳಗಿನ ಬಸ್ಸು, ನಾಲ್ಕು ಗಂಟೆ ಕಾಲ ಮಷಿನ್ನು, ಸಂಜೆಗೆ ವಾಪಸ್ಸು. ಡಾಕ್ಟರ ಮುಂದಿನ ಕುರ್ಚಿಯಲ್ಲಿ ನಾನು ಕೂರುತ್ತೇನೆ. ಪ್ರತಿಯೊಂದಕ್ಕೂ ಯಾಕೆ ಎಂದು ಕೇಳುತ್ತೇನೆ. ಹೊರಗೆ ಎಷ್ಟು ಜನ ಕಾಯುತ್ತಿದ್ದರೂ ಕೇಳುತ್ತೇನೆ. ಡಯಾಲಿಸಿಸ್ ಶುರುವಾದ ಮೇಲೆ ಮಷಿನ್ನಿನಲ್ಲಿ ಪ್ರೋಟೀನ್ ಸೋರಿಹೋಗಿ ಊಟದ ಲೆಕ್ಕವೇ ಬದಲಾಗುತ್ತದಂತೆ, ವಾರಕ್ಕೆರಡು ಸಲ ಮೊಟ್ಟೆಯ ಬಿಳಿಭಾಗ ಕೊಡಿ ಎಂದಿದ್ದಾರೆ. ಬೇಯಿಸಿ ಕೊಡುತ್ತೇನೆ. ಅವರು ತಟ್ಟೆ ನೋಡಿ ನನ್ನ ಮುಖ ನೋಡುತ್ತಾರೆ. ನಾನು ತಲೆಯಾಡಿಸಿದ ಮೇಲೆ ತಿನ್ನುತ್ತಾರೆ.

ಕ್ಷಮಿಸಿದೆಯಾ ಎಂದು ಅವರು ಕೇಳಿಲ್ಲ. ಕೇಳಿದರೆ ಇಲ್ಲ ಎನ್ನುತ್ತೇನೆ. ಸಿಟ್ಟು ಮಾಡಿಕೊಳ್ಳುವುದಕ್ಕಾದರೂ ಮನುಷ್ಯ ಎದುರಿಗೆ ಇರಬೇಕು. ಇದ್ದಾರೆ.