ಮಾತು ಬಿಟ್ಟವರ ನಡುವೆ ಫ್ರೆಂಚ್ ಕಾದಂಬರಿಕಾರ

ಮಸ್ಕಿ ಬಸ್ ನಿಲ್ದಾಣದ ಎದುರು ಹಳೆಯ ಪುಸ್ತಕವೊಂದಕ್ಕೆ ಮೂವತ್ತು ರೂಪಾಯಿ ಕೊಟ್ಟೆ. ಅರವತ್ತು ಕೇಳಿದ್ದ ಅಂಗಡಿಯವನು ರಟ್ಟು ಹರಿದಿದ್ದರಿಂದ ಅಷ್ಟಕ್ಕೆ ಇಳಿದಿದ್ದ. ಪ್ರೀತಿ, ಮದುವೆಗಳ ಬಗ್ಗೆ ಫ್ರೆಂಚ್ ಕಾದಂಬರಿಕಾರನೊಬ್ಬನ ಚುಟುಕು ಮಾತುಗಳು, ಕನ್ನಡದಲ್ಲಿ.

ನಿಲ್ದಾಣದ ಬೆಂಚಿನ ಮೇಲೆ ನನ್ನ ಆಚೀಚೆ ಕೂತಿದ್ದ ಗಂಡ ಹೆಂಡತಿ ಮಾತು ಬಿಟ್ಟಿದ್ದರು. ಆಕೆ ಮುನಿಸಿಕೊಂಡು ಬಳಗಾನೂರಿನ ತವರಿಗೆ ಹೊರಟಿದ್ದಳು.

“ಅಣ್ಣಾರ, ಮನಿಗೆ ಬಾ ಅಂತ ಆಕಿಗೆ ಹೇಳ್ರಿ,” ಅಂದ ಗಂಡ.

“ತಮಗ ಬಾಯಿ ಇಲ್ಲೇನಂತ ಕೇಳ್ರಿ ಅವರಿಗೆ,” ಅಂದಳು ಆಕೆ.

ನಾನು ಪುಸ್ತಕ ತೆರೆದು ಜೋರಾಗಿ ಓದಿದೆ. ಮದುವೆಗೆ ಮುಂಚೆ ಗಂಡಸು ಪುಟಗಟ್ಟಲೆ ಪತ್ರ ಬರೆಯುತ್ತಾನಂತೆ. ಆಮೇಲೆ ಉಪ್ಪು ಕಡಿಮೆ ಎಂದಷ್ಟೇ ಹೇಳುತ್ತಾನಂತೆ.

ಆಕೆ ಕಿಸಕ್ಕನೆ ನಕ್ಕು ನೇರ ಗಂಡನಿಗೇ ಅಂದಳು: “ಏನ್ರೀ, ಆ ದೇಶದಾಗೂ ನಿಮ್ಮಂಥೋರು ಅದಾರ?”

“ನಾ ಕಡಿಮಿ ಅಂದಿಲ್ಲಬೇ, ಹೆಚ್ಚಾಗೇತಿ ಅಂದೆ!”

ಬಳಗಾನೂರು ಬಸ್ಸು ಆಕೆಯನ್ನು ಬಿಟ್ಟೇ ಹೋಯಿತು.

ಮಾತು ಬಿಟ್ಟವರ ನಡುವೆ ಸಿಕ್ಕಿಕೊಂಡರೆ ನ್ಯಾಯ ಹೇಳಲು ಹೋಗಬೇಡಿ. ಇಬ್ಬರನ್ನೂ ನಗಿಸಿ, ಕೂಡಲೇ ಜಾಗ ಖಾಲಿ ಮಾಡಿ.