ಹೊತ್ತು ಕೇಳದೆ ಬರೆದುಕೊಟ್ಟ ಚೀಟಿ

ಕತ್ರಿಗುಪ್ಪೆಯ ನಮ್ಮ ಲೈಬ್ರರಿಗೆ ಬಂದವರು ಏನೇ ಕೇಳಲಿ, ಎರಡು ನಿಮಿಷದಲ್ಲಿ ಹುಡುಕಿಕೊಡುತ್ತೇನೆಂಬ ಜಂಬ ನನಗಿತ್ತು. ಉತ್ತರ ಹುಡುಕುವ ಮುಂಚೆ ಕೇಳಿದವರನ್ನೇ ಇನ್ನೊಂದು ಪ್ರಶ್ನೆ ಕೇಳಬೇಕೆಂದು ಕೆಲಸ ಕಲಿಸಿದ ಹಿರಿಯರು ಹೇಳಿಕೊಟ್ಟಿದ್ದರು. ಅಷ್ಟು ತಾಳ್ಮೆ ನನಗೆಲ್ಲಿಂದ ಬರಬೇಕು.

ಕಳೆದ ವರ್ಷ ಒಂದು ಶನಿವಾರ, ಕೊರಳಿನ ಅಳತೆ ಟೇಪು ತೆಗೆಯುವುದನ್ನೂ ಮರೆತು ಹೆಂಗಸೊಬ್ಬರು ಇಟ್ಟಮಡುವಿನಿಂದ ನಡೆದೇ ಬಂದರು. ಅಪ್ಪ ತೀರಿಕೊಂಡ ತಾರೀಖು ಹೇಳಿ, ಅಂದು ಯಾವ ತಿಥಿ ಎಂದು ಕೇಳಿದರು. ಅಣ್ಣ ಪ್ರತಿವರ್ಷ ಮಹಾಲಯ ಅಮಾವಾಸ್ಯೆಗೆ ಹಿರಿಯರೆಲ್ಲರ ಜೊತೆ ಅಪ್ಪನಿಗೂ ಎಡೆ ಇಟ್ಟು ಮುಗಿಸಿಬಿಡುತ್ತಾರಂತೆ. ಅಪ್ಪನಿಗೆ ಅಂತಲೇ ಒಂದು ದಿನ ಬೇಕು, ಈ ವರ್ಷದಿಂದ ತಾನೇ ಮಾಡುತ್ತೇನೆ ಎಂದರು.

"ಫೋನ್ ಬೇಡ ಮೇಡಂ, ಪುಸ್ತಕ ನೋಡಿ ಹೇಳಿ."

ಹಳೆಯ ಪಂಚಾಂಗಗಳ ಕಟ್ಟು ಬೀರುವಿನ ಮೇಲಿತ್ತು. ಏಣಿ ಹತ್ತಲು ಸೋಮಾರಿತನ. ಮೇಜಿನ ಮರೆಯಲ್ಲಿ ಫೋನೇ ನೋಡಿ, ಕಾರ್ತಿಕ ಬಹುಳ ಪಂಚಮಿ, ಈ ಸಲ ಇದೇ ಮಂಗಳವಾರ ಬರುತ್ತದೆ ಎಂದು ಚೀಟಿ ಬರೆದುಕೊಟ್ಟೆ. ಅವರು ಅದನ್ನು ಕಣ್ಣಿಗೊತ್ತಿಕೊಂಡು ಹೋದರು.

ಹಾಗೆ ಕಣ್ಣಿಗೊತ್ತಿಕೊಂಡದ್ದೇ ನನ್ನನ್ನು ಕಾಡತೊಡಗಿತು. ಭಾನುವಾರ ಏಣಿ ಹತ್ತಿ ಅವರಪ್ಪ ತೀರಿಕೊಂಡ ವರ್ಷದ ಪಂಚಾಂಗ ತೆಗೆದೆ. ಅಂದು ಪಂಚಮಿ ಇದ್ದದ್ದು ಮಧ್ಯಾಹ್ನ ಮೂರರವರೆಗೆ ಮಾತ್ರ, ಆಮೇಲೆ ಷಷ್ಠಿ. ಫೋನು ಹೇಳಿದ್ದು ಸೂರ್ಯೋದಯದ ತಿಥಿ. ಪ್ರಾಣ ಹೋದ ಹೊತ್ತಿನಲ್ಲಿದ್ದ ತಿಥಿಯೇ ಲೆಕ್ಕಕ್ಕೆ ಎಂಬುದು ನನಗೆ ಗೊತ್ತಿಲ್ಲದ ವಿಷಯವೇನಲ್ಲ. ಸಾವಿನ ಸುದ್ದಿ ಬಂದರೆ ನಮ್ಮಜ್ಜಿ ಮೊದಲು ಕೇಳುತ್ತಿದ್ದದ್ದೇ ಎಷ್ಟು ಹೊತ್ತಿಗೆ ಎಂದು. ನಾನು ಕೇಳಲೇ ಇಲ್ಲ. ಓದುಗರು ಸಹಿ ಮಾಡುವ ಪುಸ್ತಕದಲ್ಲಿ ಅವರದು ಬರೀ ಗೀಚು, ನಂಬರೂ ಇಲ್ಲ. ನನ್ನ ಮೇಲೆ ನನಗೇ ಸಿಟ್ಟು ಬಂದು ಅಂದು ಊಟವೂ ಸೇರಲಿಲ್ಲ.

ಸೋಮವಾರ ಲೈಬ್ರರಿಗೆ ರಜೆ. ಇಟ್ಟಮಡುವಿನಲ್ಲಿ ಬ್ಲೌಸ್ ಹೊಲಿಯುವ ಅಂಗಡಿಗಳಿಗೆಲ್ಲ ಒಂದೊಂದಾಗಿ ನುಗ್ಗಿದೆ. ಒಂದು ಕಡೆ ಏನೂ ಕೇಳದೆ ನನ್ನ ತೋಳಿನ ಅಳತೆ ತೆಗೆಯಲು ಬಂದರು. ಮಧ್ಯಾಹ್ನದ ಹೊತ್ತಿಗೆ, ಹಿಟ್ಟಿನ ಗಿರಣಿಯ ಪಕ್ಕದ ಅಂಗಡಿಯಲ್ಲಿ ಅವರು ಕೂತು ಹೊಲಿಯುತ್ತಿದ್ದರು. ಚೀಟಿ ಮಿಷನ್ನಿನ ಪಕ್ಕದ ಗೋಡೆಗೆ ಗುಂಡುಪಿನ್ನಿನಲ್ಲಿ ಚುಚ್ಚಿದ್ದರು. ಬಾಗಿಲಲ್ಲೇ ನಿಂತು, ಅಪ್ಪ ಹೋದದ್ದು ಎಷ್ಟು ಹೊತ್ತಿಗೆ ಎಂದೆ.

ಸಂಜೆ, ದೀಪ ಹಚ್ಚುವ ಹೊತ್ತಿಗೆ ಎಂದರು.

ಹಾಗಾದರೆ ಷಷ್ಠಿ, ನಾಳೆಯಲ್ಲ, ಬುಧವಾರ, ತಪ್ಪು ನನ್ನದೇ ಎಂದು ಒಂದೇ ಉಸಿರಿಗೆ ಹೇಳಿ ಚೀಟಿ ತಿದ್ದಿದೆ. ಬೈದಿದ್ದರೆ ಸಮಾಧಾನವಾಗುತ್ತಿತ್ತು. ಅವರು ಮಿಷನ್ ನಿಲ್ಲಿಸಿ ನನ್ನನ್ನೇ ನೋಡಿದರು.

"ಆಗ ಪಕ್ಕದಲ್ಲಿದ್ದೋಳು ನಾನೊಬ್ಳೇ ಮೇಡಂ. ಕಾಫಿ ಕುಡಿಸ್ತಾ ಇದ್ದೆ. ಇಷ್ಟು ವರ್ಷ ಆಯ್ತು, ಯಾರೂ ನನ್ನ ಏನೂ ಕೇಳಿಲ್ಲ."

ಹೊರಡಲು ತಿರುಗಿದ್ದವಳು ಸ್ಟೂಲು ಎಳೆದುಕೊಂಡು ಕೂತೆ. ಆಮೇಲೇನಾಯಿತು ಎಂದು ಕೇಳಿದೆ.