ಹಸಿರು ಸೀರೆಯ ಹೆಂಗಸನ್ನೂ ಬಿಡಬೇಡಿ

ಕಳೆದ ಭಾನುವಾರ ಮಧ್ಯಾಹ್ನ, ನನ್ನನ್ನು ಹಿಡಿದು ಕಟ್ಟಿಹಾಕಿ ಎಂಬ ಮೆಸೇಜು ನನ್ನ ಮೊಬೈಲಿಗೇ ಬಂತು.

ತಮಾಷೆಯಲ್ಲ ಕಣ್ರೀ. ನೀವೇ ಓದಿ.

‘ಮಕ್ಕಳ ಕಳ್ಳರು ನಮ್ಮ ತಾಲ್ಲೂಕಿಗೆ ಬಂದಿದ್ದಾರೆ. ಗೂಡ್ಸ್ ಗಾಡಿ. ಒಬ್ಬ ಗಂಡಸು, ಜೊತೆಗೆ ಹಸಿರು ಸೀರೆಯ ಹೆಂಗಸು. ಮಿಠಾಯಿ ಕೊಟ್ಟು ಕರೆಯುತ್ತಾರೆ. ಕಂಡರೆ ಹಿಡಿದು ಕಟ್ಟಿಹಾಕಿ. ಎಲ್ಲಾ ಗ್ರೂಪಿಗೂ ಕಳಿಸಿ.’ ಕೆಳಗೊಂದು ಫೋಟೋ. ತಲೆಗೆ ಟವೆಲ್ ಸುತ್ತಿದವನೊಬ್ಬ ಬಗ್ಗಿ, ಪುಟ್ಟ ಹುಡುಗಿಯ ಕೈಗೆ ಏನೋ ಕೊಡುತ್ತಿದ್ದಾನೆ. ಹಿಂದೆ ಗಾಡಿಯ ಕಿಟಕಿಯಲ್ಲಿ ಹಸಿರು ಸೆರಗು.

ಗಂಡಸು ನನ್ನ ತಮ್ಮ ಮಂಜ. ಸೆರಗು ನನ್ನದು. ಮೆಸೇಜು ಬಂದಾಗ ನಾವಿಬ್ಬರೂ ಅದೇ ಗಾಡಿಯಲ್ಲಿ ಹಿರೇನಲ್ಲೂರು ಕಡೆಯಿಂದ ಕಡೂರಿಗೆ ವಾಪಸು ಬರುತ್ತಿದ್ದೆವು.

ಮಂಜ ತೆಂಗಿನಕಾಯಿ ವ್ಯಾಪಾರಿ. ಕಾಯಿ ಮರದ ಮೇಲಿದ್ದಾಗಲೇ ತೋಟ ನೋಡಿ ಫಸಲಿಗೆ ರೇಟು ಮಾತಾಡುತ್ತಾನೆ. ಅವತ್ತು ನೆಂಟರ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದ ನಾನು, ಬಸ್ಸಿಗೆ ಯಾರು ಕಾಯುತ್ತಾರೆ ಎಂದು ಅವನ ಗಾಡಿ ಹತ್ತಿದ್ದೆ. (ಊಟ ಜೋರಾಗಿತ್ತು. ಗೃಹಪ್ರವೇಶವಲ್ಲವೇ, ಅದಕ್ಕೇ ಹಸಿರು ರೇಷ್ಮೆ ಸೀರೆ.) ದಾರಿಯಲ್ಲಿ ಒಂದು ತೋಟ ಕಂಡಿತು. ಗಾಡಿ ನಿಲ್ಲಿಸಿದ. ಕತ್ತೆತ್ತಿ ಗೊನೆ ನೋಡಿದ. ಆಮೇಲೆ ಬೇಲಿ ಪಕ್ಕ ಆಡುತ್ತಿದ್ದ ಹುಡುಗಿಯನ್ನು ಕರೆದು ಪೆಪ್ಪರ್‌ಮೆಂಟು ಕೊಟ್ಟು ಕೇಳಿದ: “ಈ ತೋಟ ಯಾರ್ದು ಪುಟ್ಟಿ? ಕಾಯಿ ಕೇಳ್ಕೊಂಡು ಯಾರಾದ್ರೂ ಬಂದಿದ್ರಾ?”

ನಮ್ಮ ಕಡೆಯ ಕಾಯಿ ವ್ಯಾಪಾರಿಗಳು ಮೊದಲು ಮಾತಾಡಿಸುವುದು ಮಕ್ಕಳನ್ನೇ. ಯಾಕೆ ಗೊತ್ತಾ? ದೊಡ್ಡವರನ್ನು ಕೇಳಿದರೆ, ‘ನಿನ್ನೆ ತಾನೇ ಇನ್ನೊಬ್ರು ಬಂದು ಒಳ್ಳೇ ರೇಟು ಹೇಳಿ ಹೋದ್ರು’ ಎಂದು ಬಿಡುತ್ತಾರೆ. ಮಕ್ಕಳು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತವೆ. ನಮ್ಮಪ್ಪನೂ ಹೀಗೇ ಮಾಡುತ್ತಿದ್ದರು. ಆ ಹುಡುಗಿ ಓಡಿಹೋಗಿ ಅಪ್ಪನನ್ನು ಕರೆತಂದಳು. ಅವರ ಮನೆಯಲ್ಲಿ ಕಾಫಿಯೂ ಆಯಿತು, ವ್ಯಾಪಾರದ ಮಾತೂ ಆಯಿತು. ಅಷ್ಟರಲ್ಲಿ ರಸ್ತೆಯಲ್ಲಿ ಹೋಗುತ್ತಿದ್ದ ಯಾವನೋ ಪುಣ್ಯಾತ್ಮ ಫೋಟೋ ತೆಗೆದು ತನ್ನ ಸಮಾಜಸೇವೆ ಮುಗಿಸಿದ್ದ.

ಈ ಮೆಸೇಜು ನನಗೆ ಬಂದದ್ದು ನಮ್ಮ ವಾರ್ಡಿನ ವಾಟ್ಸಾಪ್ ಗ್ರೂಪಿನಲ್ಲಿ. ಹೌದು, ಇದೇ ಅಂಕಣದಲ್ಲಿ ನಾನು ಹಾಡಿ ಹೊಗಳಿದ್ದ ಗ್ರೂಪು! ಬೀದಿ ದೀಪ ಕೆಟ್ಟರೆ ಫೋಟೋ ಹಾಕುತ್ತೇವೆ, ಮಾರನೇ ದಿನ ಲೈನ್‌ಮನ್ ಬರುತ್ತಾನೆ. ನೀರು ಯಾವತ್ತು ಬಿಡುತ್ತಾರೆ ಎನ್ನುವುದೂ ಅಲ್ಲೇ ಗೊತ್ತಾಗುತ್ತದೆ. ನಮ್ಮ ಯಜಮಾನರಂತೂ ಪೇಪರ್ ಬಿಡಿಸುವುದನ್ನೇ ಬಿಟ್ಟಿದ್ದಾರೆ. “ಪೇಪರ್‌ನೋರಿಗೇ ನಮ್ಮ ಗ್ರೂಪಿಂದ ಸುದ್ದಿ ಹೋಗೋದು ಕಣೇ” ಅನ್ನುತ್ತಾರೆ.

ಫೋಟೋದ ಕೆಳಗೆ ಸಾಲುಸಾಲು ಉತ್ತರಗಳು. ‘ಪೊಲೀಸರಿಗೆ ಆಮೇಲೆ ಹೇಳೋಣ, ಮೊದಲು ಕೈಕಾಲು ಮುರೀರಿ.’ ಬರೆದವರು ನಮ್ಮ ಬೀದಿಯ ಮೆಡಿಕಲ್ ಶಾಪಿನವರು. ಒಂದು ದಿನವೂ ಗಟ್ಟಿಯಾಗಿ ಮಾತಾಡದ ಮನುಷ್ಯ! ‘ಆ ಹಸಿರು ಸೀರೆಯ ಹೆಂಗಸನ್ನೂ ಬಿಡಬೇಡಿ.’ ಇದು ಪಕ್ಕದ ಮನೆಯ ಕಮಲಮ್ಮ. ದಿನಾ ಬೆಳಿಗ್ಗೆ ಗ್ರೂಪಿಗೆ ಗುಲಾಬಿ ಹೂವು ಹಾಕುವವರು, ಸಂಜೆ ನಮ್ಮ ಹಿತ್ತಲಿನಿಂದ ಕರಿಬೇವು ಕಿತ್ತುಕೊಳ್ಳುವವರು.

‘ಅದು ನಾನು, ಅವನು ನನ್ನ ತಮ್ಮ’ ಎಂದು ಟೈಪ್ ಮಾಡಿದೆ. ಯಾರು ಓದುತ್ತಾರೆ? ನನ್ನ ಸಾಲು ಅವರ ಆವೇಶದ ಕೆಳಗೆ ಎಲ್ಲೋ ಮುಳುಗಿಹೋಯಿತು. ಕಮಲಮ್ಮನಿಗೇ ಫೋನ್ ಮಾಡಿದೆ.

“ಅಯ್ಯೋ ಶಿವನೇ, ಅದು ನೀವಾ? ಮೊದ್ಲೇ ಹೇಳೋದಲ್ವೇನ್ರೀ!”

ಬೇರೆ ಯಾರಾದರೂ ಆಗಿದ್ದರೆ ಪರವಾಗಿರಲಿಲ್ಲವೇ ಕಮಲಮ್ಮ? ಕೇಳಬೇಕೆಂದುಕೊಂಡೆ. ಅಷ್ಟರಲ್ಲಿ ಮಂಜ ಬ್ರೇಕ್ ಹಾಕಿದ. ಮುಂದಿನ ಹಳ್ಳಿಯಲ್ಲಿ ರಸ್ತೆಗೆ ಅಡ್ಡಲಾಗಿ ಟ್ರ್ಯಾಕ್ಟರ್ ನಿಂತಿತ್ತು.

ಜನ ಸುತ್ತುವರಿದರು. ಎಲ್ಲರ ಕೈಯಲ್ಲೂ ಮೊಬೈಲು. ಒಬ್ಬ ಫೋಟೋ ನೋಡುತ್ತಾನೆ, ನನ್ನ ಸೀರೆ ನೋಡುತ್ತಾನೆ, ಮತ್ತೆ ಫೋಟೋ ನೋಡುತ್ತಾನೆ.

“ಇವ್ರೇ ಕಣ್ರೋ!”

“ಅಣ್ಣಾ, ನಾನು ಕಾಯಿ ವ್ಯಾಪಾರದೋನು ಕಣಣ್ಣಾ” ಎಂದ ಮಂಜ.

“ಕಾಯಿ ವ್ಯಾಪಾರದೋನಿಗೆ ಮಕ್ಕಳ ಹತ್ರ ಏನ್ಲಾ ಕೆಲ್ಸ?”

ಇದಕ್ಕೇನು ಉತ್ತರ ಹೇಳುತ್ತೀರಿ? ‘ದೊಡ್ಡವರು ಸುಳ್ಳು ಹೇಳ್ತಾರೆ ಅಂತ ಮಕ್ಕಳನ್ನ ಕೇಳಿದೆ’ ಅನ್ನಲು ಅದು ಸಮಯವೇ? ಯಾರೋ ಗಾಡಿಯ ಕೀ ಕಿತ್ತುಕೊಂಡರು. ಇನ್ಯಾರೋ ಸ್ಟೀರಿಂಗ್ ಮುಂದಿನ ಡಬ್ಬಿಗೆ ಕೈ ಹಾಕಿದರು. ಪೆಪ್ಪರ್‌ಮೆಂಟಿನ ಪ್ಯಾಕೆಟ್ ಹೊರಬಂತು. “ಮಿಠಾಯಿ ಸಿಕ್ತು ನೋಡ್ರಪ್ಪೋ!” ಎಂಬ ಕೂಗು ಎದ್ದದ್ದೇ ತಡ, ಮಂಜನ ಕೊರಳಪಟ್ಟಿ ಹಿಡಿದು ಕೆಳಗೆಳೆದರು.

ನಾನು ಕಿರುಚಿದೆ. ಏನೆಂದು ಕಿರುಚಿದೆನೋ ನನಗೇ ನೆನಪಿಲ್ಲ. ನನ್ನ ತಮ್ಮನನ್ನು ನನ್ನ ಕಣ್ಣೆದುರೇ ಕೊಂದುಬಿಡುತ್ತಾರೆ ಅನ್ನಿಸಿತು. ಮೊದಲ ಏಟು ಬಿತ್ತು. ಅವನ ತುಟಿಯಲ್ಲಿ ರಕ್ತ. ಸುತ್ತಲೂ ಮೊಬೈಲುಗಳು ಇನ್ನೂ ಎತ್ತರಕ್ಕೆ ಎದ್ದವು.

ಆ ಹುಡುಗಿಯ ಅಪ್ಪ ಬೈಕಿನಲ್ಲಿ ಬರದೇ ಹೋಗಿದ್ದರೆ ಈ ವಾರ ಈ ಅಂಕಣ ಇರುತ್ತಿರಲಿಲ್ಲ. ಅವನ ಮೊಬೈಲಿಗೂ ಅದೇ ಫೋಟೋ ಬಂದಿತ್ತಂತೆ. ಫೋಟೋದಲ್ಲಿ ತನ್ನ ಮಗಳನ್ನೇ ಕಂಡು, ಏನೋ ಎಡವಟ್ಟಾಯಿತು ಎಂದು ನಮ್ಮ ಗಾಡಿಯ ಹಿಂದೆಯೇ ಹೊರಟು ಬಂದಿದ್ದ.

“ಲೇ, ಬಿಡ್ರೋ! ನನ್ ಮಗಳು ಮನೇಲೇ ಅವ್ಳೆ. ಇವ್ರು ಈಗ ತಾನೇ ನಮ್ಮನೇಲಿ ಕಾಫಿ ಕುಡಿದು ಬಂದೋರು ಕಣ್ರೋ!”

ಬಿಟ್ಟರು. ಕೀ ಕೊಟ್ಟರು. ಎಳನೀರು ಕೊಚ್ಚಿ ತಂದರು. ಕೊರಳಪಟ್ಟಿ ಹಿಡಿದಿದ್ದವನೇ ನನ್ನ ಮುಂದೆ ಕೈಮುಗಿದು ನಿಂತ. “ತಪ್ಪು ತಿಳ್ಕೋಬೇಡಿ ಅಕ್ಕಾ. ನನಗೂ ಇಂಥದ್ದೇ ಒಂದು ಹೆಣ್ಮಗು ಐತೆ. ಆಗ್ಲಿಂದ ಫೋನ್ ನೋಡಿ ನೋಡಿ ಎದೆ ಹೊಡ್ಕೊಂತಿತ್ತು.” ಅವನ ಕಣ್ಣಲ್ಲಿ ನೀರಿತ್ತು. ಅವನೇನೂ ರೌಡಿಯಲ್ಲ. ಅದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿದ್ದು. ರೌಡಿಗಳಾದರೆ ಊರಿಗೆ ನಾಲ್ಕು ಜನ ಇರುತ್ತಾರೆ. ಮಕ್ಕಳ ಮೇಲೆ ಪ್ರೀತಿಯಿರುವವರು ಮನೆಮನೆಯಲ್ಲೂ ಇದ್ದಾರಲ್ಲ?

ಗ್ರೂಪಿನಲ್ಲಿ ಅಡ್ಮಿನ್ ಫೋಟೋ ಡಿಲೀಟ್ ಮಾಡಿದರು. ‘ಸುಳ್ಳು ಸುದ್ದಿಯಂತೆ’ ಎಂದು ಒಂದು ಸಾಲು ಹಾಕಿದರು. ಆ ಸಾಲನ್ನು ಯಾರೂ ಬೇರೆ ಗ್ರೂಪಿಗೆ ಕಳಿಸಲಿಲ್ಲ. ಕಳ್ಳ ಸಿಕ್ಕ ಸುದ್ದಿಗೆ ಇರುವ ಕಾಲು, ಕಳ್ಳನೇ ಅಲ್ಲ ಅನ್ನುವ ಸುದ್ದಿಗೆ ಎಲ್ಲಿದೆ? ಪೊಲೀಸ್ ಸ್ಟೇಷನ್ನಿಗೆ ಹೋಗಿ ದೂರು ಕೊಟ್ಟೆವು. ಮೊದಲು ಕಳಿಸಿದವರನ್ನು ಹುಡುಕುತ್ತೇವೆ ಎಂದಿದ್ದಾರೆ. ಆಮೇಲೆ ಕಳಿಸಿದವರೆಲ್ಲ ಮರ್ಯಾದಸ್ಥರು, ಅವರನ್ನು ಹುಡುಕುವುದೇ ಬೇಡ, ನಮ್ಮ ಅಕ್ಕಪಕ್ಕದಲ್ಲೇ ಇದ್ದಾರೆ.

ಮಂಜ ಮೂರು ಹೊತ್ತೂ ಮನೆಯಲ್ಲೇ ಕೂತಿದ್ದಾನೆ. ಅಜ್ಜಂಪುರದ ಕಡೆ ಅವನು ಮಾತಾಡಿಟ್ಟ ತೋಟಗಳಿವೆ. ಕಾಯಿ ಬಲಿತಿದೆ, ಕೀಳಿಸಲೇಬೇಕು. “ನಾಡಿದ್ದು ಹೋಗಿ ಬತ್ತೀನಿ ಬಿಡಕ್ಕಾ, ಎಷ್ಟು ದಿನ ಹಿಂಗೇ ಕೂರೋದು” ಎಂದ ನಿನ್ನೆ. ನಾನೂ ಹೂಂ ಅಂದೆ.

ಇವತ್ತು ಬೆಳಿಗ್ಗೆ, ಅಜ್ಜಂಪುರದ ಪಕ್ಕದ ತರೀಕೆರೆಯಿಂದ ನಮ್ಮ ಸೋದರತ್ತೆ ನನಗೊಂದು ಮೆಸೇಜು ಕಳಿಸಿದ್ದಾರೆ. ಮಂಜನನ್ನು ಎತ್ತಿ ಆಡಿಸಿದವರು, ಅವನಿಗೆ ಹೆಸರಿಟ್ಟವರು. ಅದೇ ಫೋಟೋ. ‘ಈ ನನ್ಮಗ ನಮ್ಮ ಕಡೆಗೂ ಬಂದಿದ್ದಾನಂತೆ, ಹುಷಾರು ಕಣೇ.’

ಸೋದರತ್ತೆಗೇ ಗುರುತು ಸಿಗದವನನ್ನು, ನಾಳೆ ಅಜ್ಜಂಪುರದ ರಸ್ತೆಗೆ ಹೇಗ್ರೀ ಕಳಿಸಲಿ?